ಅರಿವೆಯ ಅರಿವು

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆ ಹೇಳದ ಮನೆ ನಮ್ಮಲ್ಲಿ ಇರಲಿಕ್ಕಿಲ್ಲ. ಹೆಣ್ಣು ನೋಡಲು ಹೋದವರು ಹುಡುಗಿಯ ತಾಯಿಯನ್ನು ಒಂದು ಕಣ್ಣಿನಲ್ಲಿ ಅಳೆಯುವುದಕ್ಕೆ ಈ ಗಾದೆಯೇ ಆಧಾರ. ಗಾದೆಯ ಉತ್ತರಾರ್ಧವನ್ನು ಬೇಕಾದಷ್ಟು ಬಳಸಿದ್ದೇವೆ, ಬೇಡದಷ್ಟೂ ಬಳಸಿದ್ದೇವೆ. ಪೂರ್ವಾರ್ಧವನ್ನು ಮಾತ್ರ ಯಾರೂ ಕಿವಿಗೊಟ್ಟು ಕೇಳಿದಂತಿಲ್ಲ. ಸೀರೆಯ ಗುಣ ಅದರ ಬಣ್ಣದಲ್ಲಿಲ್ಲ, ಹೊಳಪಿನಲ್ಲಿಲ್ಲ, ಅಂಗಡಿಯವನ ಮಾತಿನಲ್ಲಂತೂ ಇಲ್ಲವೇ ಇಲ್ಲ. ಅದು ನೂಲಿನಲ್ಲಿದೆ ಎಂದು ಆ ಅರ್ಧ ಗಾದೆ ಹೇಳುತ್ತದೆ. ಜವಳಿ ಶಾಸ್ತ್ರದ ಮೊದಲ ಪಾಠ ಇದೇ. ಅದನ್ನು ನಮ್ಮ ಹಿರಿಯರು ನಾಲ್ಕು ಅಕ್ಷರ ಓದದೆಯೇ ಎರಡು ಪದಗಳಲ್ಲಿ ಹೇಳಿ ಮುಗಿಸಿದ್ದರು.

ವಿಮರ್ಶೆ ಎಂದರೆ ಕಥೆ ಕವನಗಳ ವಿಮರ್ಶೆ ಎಂದೇ ನಾವು ತಿಳಿದಿದ್ದೇವೆ. ಕನ್ನಡ ಪಾಠ ಹೇಳುತ್ತ ಮೂವತ್ತು ವರ್ಷ ಕಳೆದ ನನಗೆ ಒಂದೊಂದು ಪದಕ್ಕೂ ವಿಮರ್ಶೆ ಬೇಕು ಎನ್ನಿಸುತ್ತದೆ. ಅದರಲ್ಲೂ ದಿನವೂ ಮೈಗೆ ಸುತ್ತಿಕೊಳ್ಳುವ ವಸ್ತುವಿನ ಪದಗಳಿಗೆ. ಒಂದು ಕಸುಬಿನ ಪದ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಇದು ಯಾವುದರಿಂದ ಆಯಿತು ಎಂದು ಆ ಪದ ಹೇಳುತ್ತದೆಯೆ? ಅದಕ್ಕೆ ಏನು ಮಾಡಿದರು ಎಂದು ಹೇಳುತ್ತದೆಯೆ? ಯಾರ ಕೈ ಮಾಡಿತು ಎಂದು ಹೇಳುತ್ತದೆಯೆ? ಮೂರಕ್ಕೂ ಉತ್ತರ ಕೊಡುವ ಪದಗಳು ಕಡಿಮೆ. ಒಂದಕ್ಕಾದರೂ ಕೊಟ್ಟರೆ ಸಾಕು, ಅದು ಪ್ರಾಮಾಣಿಕವಾದ ಪದ. ಒಂದಕ್ಕೂ ಕೊಡದೆ, ಕೊಟ್ಟಂತೆ ನಟಿಸುವ ಪದಗಳ ಮೇಲೆ ನನ್ನ ತಕರಾರು.

ಮೊದಲು ಮಗ್ಗದ ಮನೆಗೆ ಹೋಗೋಣ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಅವು ಹಾಸಿಕೊಂಡು ಇರುತ್ತವೆ, ಅದಕ್ಕೇ ಹಾಸು. ಲಾಳಿಯ ಜೊತೆಗೆ ಅಡ್ಡಕ್ಕೆ ಹೋಗಿ ಬರುವ ಎಳೆಗೆ ಹೊಕ್ಕು. ಅದು ಹಾಸಿನ ಸಂದಿಯಲ್ಲಿ ಹೊಗುತ್ತದೆ, ಅದಕ್ಕೇ ಹೊಕ್ಕು. ಇಷ್ಟು ಸರಳವಾದ, ಇಷ್ಟು ಕಣ್ಣಿಗೆ ಕಟ್ಟುವ ಪಾರಿಭಾಷಿಕ ಪದ ಇನ್ನೊಂದು ಭಾಷೆಯಲ್ಲಿದ್ದರೆ ಅವರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ನಾವು ಮೆರೆಸದಿದ್ದರೂ ಮರೆತಿಲ್ಲ. ಒಬ್ಬರ ಬಾಳಿನಲ್ಲಿ ಒಬ್ಬರು ಬೆರೆತಾಗ ಹಾಸುಹೊಕ್ಕಾಗಿದ್ದಾರೆ ಎನ್ನುತ್ತೇವೆ. ವಿಷಯವನ್ನು ಎಳೆ ಎಳೆಯಾಗಿ ಬಿಡಿಸಿ ಹೇಳು ಎನ್ನುತ್ತೇವೆ. ಸಡಿಲ ನೂಲಿಗೆ ತಿರುವು ಕೊಟ್ಟು ಗಟ್ಟಿ ಮಾಡುವುದು ಹುರಿ. ಮನಸ್ಸನ್ನು ಹುರಿಗೊಳಿಸುವುದೂ ಅಲ್ಲಿಂದಲೇ ಬಂತು. ಹತ್ತಿಯ ಬೀಜ ತೆಗೆದ ಮೇಲೆ ಉಳಿಯುವುದು ಅರಳೆ. ಅದನ್ನು ಹಿಂಜಿ, ಬೆರಳಿನ ಗಾತ್ರಕ್ಕೆ ಸುರುಳಿ ಮಾಡಿದರೆ ಹಂಜಿ. ಹಂಜಿಯಿಂದ ಎಳೆ ಹೊರಡಿಸುವುದು ಕದಿರು. ನೂಲು ಎಂಬ ಒಂದೇ ಪದ ವಸ್ತುವೂ ಹೌದು, ಕೆಲಸವೂ ಹೌದು. ಒಂದೊಂದು ಹಂತಕ್ಕೂ ಒಂದೊಂದು ಹೆಸರು. ಹೆಸರು ಹಿಡಿದು ನಡೆದರೆ ಹೊಲದಿಂದ ಮಗ್ಗದವರೆಗೆ ದಾರಿ ತಪ್ಪುವುದಿಲ್ಲ.

ಇಳಕಲ್ಲಿನ ಸೀರೆಯನ್ನೇ ನೋಡಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಕೊಂಡಿಯಾಗಿ ಸೇರಿಸಿ ನೇಯುತ್ತಾರೆ. ಆ ವಿಧಾನಕ್ಕೆ ಕೊಂಡಿ ಎಂದೇ ಹೆಸರು. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಯಂತೆ ಮೂಡುವ ವಿನ್ಯಾಸಕ್ಕೆ ಟೋಪ ತೆನಿ. ದಡಿಗೆ ಗೋಮಿ, ಪರಾಸ, ಗಾಡಿ ಎಂಬ ಹೆಸರುಗಳು. ಅಲ್ಲಿಯ ನೇಕಾರರು ಕೃತಕ ರೇಷ್ಮೆಯನ್ನೂ ಬಹಳ ಕಾಲದಿಂದ ಬಳಸುತ್ತಾರೆ. ಅದಕ್ಕೆ ಅವರು ಕೊಟ್ಟ ಹೆಸರು ಚಮಕಾ. ನನಗೆ ಈ ಹೆಸರು ಬಹಳ ಇಷ್ಟ. ಚಮಕಾ ಎಂದರೆ ಹೊಳೆಯುವಂಥದ್ದು. ರೇಷ್ಮೆ ಎಂದು ಅವರು ಕರೆಯಲಿಲ್ಲ. ಹೊಳೆಯುತ್ತದೆ ಎಂದಷ್ಟೇ ಹೇಳಿದರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತ ಮನುಷ್ಯನ ಮಾತಿನ ಪ್ರಾಮಾಣಿಕತೆ ಅದು.

ಆದರೆ ನಮ್ಮ ಹಳೆಯ ಪದಗಳೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ನನ್ನ ಮೂರನೆಯ ಪ್ರಶ್ನೆ, ಯಾರ ಕೈ ಎಂಬುದು, ಅವುಗಳಿಗೂ ಕಷ್ಟದ್ದೇ. ನಾನು ಕೆಲಸ ಮಾಡುವ ಊರಿನಲ್ಲಿ ಮಗ್ಗದ ಮನೆಗಳಿವೆ. ಮಗ್ಗದ ಮುಂದೆ ಕೂರುವವನಿಗೆ ನೇಕಾರ ಎಂಬ ಹೆಸರಿದೆ. ಹಿತ್ತಲಲ್ಲಿ ಕುಳಿತು ಅವನಿಗೆ ಕಂಡಿಕೆ ಸುತ್ತಿಕೊಡುವವಳಿಗೆ, ಹಾಸಿಗೆ ಗಂಜಿ ಕೊಡುವವಳಿಗೆ, ಹರಿದ ಎಳೆಯನ್ನು ಕಣ್ಣು ಕಿರಿದು ಮಾಡಿ ಗಂಟು ಹಾಕುವವಳಿಗೆ ಯಾವ ಹೆಸರೂ ಇಲ್ಲ. ಅವಳು ನೇಕಾರನ ಹೆಂಡತಿ, ಇಲ್ಲವೇ ನೇಕಾರನ ತಾಯಿ. ಮನೆಗೆ ಬಂದವರು 'ಏನು ಕೆಲಸ ಮಾಡುತ್ತೀರಮ್ಮ?' ಎಂದು ಕೇಳಿದರೆ 'ಮನೀ ಕೆಲಸರೀ' ಎನ್ನುತ್ತಾಳೆ. ಆಗ ಅವಳ ಕೈಯಲ್ಲಿ ಕಂಡಿಕೆ ತಿರುಗುತ್ತಲೇ ಇರುತ್ತದೆ.

ಇಂಗ್ಲಿಷಿನವರ ಕಥೆ ಇನ್ನೂ ವಿಚಿತ್ರ. ಅವರಲ್ಲಿ ಸ್ಪಿನ್‌ಸ್ಟರ್ ಎಂದರೆ ಮೂಲದಲ್ಲಿ ನೂಲುವ ಹೆಂಗಸು, ಅದು ಕಸುಬಿನ ಹೆಸರು. ಕಾಲಕ್ರಮದಲ್ಲಿ ಅದು ಮದುವೆಯಾಗದೆ ಉಳಿದ ಹೆಂಗಸು ಎಂದಾಯಿತು, ಆಮೇಲೆ ಹೀಯಾಳಿಕೆಯ ಮಾತೂ ಆಯಿತು. ದುಡಿದು ತಿನ್ನುವ ಹೆಣ್ಣಿನ ಕಸುಬಿನ ಹೆಸರು ಹೇಗೆ ಅವಳ ಕೊರತೆಯ ಹೆಸರಾಗುತ್ತದೆ ನೋಡಿ! ಈ ವಿಷಯದಲ್ಲಿ ಕನ್ನಡ ಒಂದು ಹೆಜ್ಜೆ ಮುಂದಿತ್ತು. ಹನ್ನೆರಡನೆಯ ಶತಮಾನದ ವಚನಕಾರ್ತಿಯರಲ್ಲಿ ಕದಿರ ರೆಮ್ಮವ್ವೆ ಎಂಬವಳಿದ್ದಳು. ನೂಲುವುದು ಅವಳ ಕಾಯಕ. ರಾಟೆಯ ಒಂದೊಂದು ಭಾಗದಲ್ಲಿ ಒಬ್ಬೊಬ್ಬ ದೇವರನ್ನು ಕಂಡು ವಚನ ಕಟ್ಟಿದವಳು ಅವಳು. ಗಂಡನ ಹೆಸರಲ್ಲ, ಊರ ಹೆಸರಲ್ಲ, ಕೈಯಲ್ಲಿ ಹಿಡಿದ ಕದಿರೇ ಅವಳ ಹೆಸರಿನ ಮೊದಲ ಪದವಾಯಿತು. ಎಂಟುನೂರು ವರ್ಷಗಳ ಹಿಂದೆ ಸಾಧ್ಯವಾದ ಆ ಮರ್ಯಾದೆ ಇಂದು ಕಂಡಿಕೆ ಸುತ್ತುವವಳಿಗೆ ಏಕೆ ಇಲ್ಲ?

ಇನ್ನು ರೇಷ್ಮೆಯ ಕಡೆ ಬರೋಣ. ರಾಮನಗರ, ಚಿಕ್ಕಬಳ್ಳಾಪುರದ ಕಡೆಯ ರೈತರ ಮಾತು ಕೇಳಿದರೆ ಹುಳುವನ್ನು ಕೂಸಿನಂತೆ ಸಾಕುತ್ತಾರೆ ಎಂಬುದು ಪದಗಳಲ್ಲೇ ತಿಳಿಯುತ್ತದೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ ಮಂಕಾಗಿ ಇರುತ್ತದೆ. ಅದಕ್ಕೆ ಅವರು ಜ್ವರ ಎನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ. ಗೂಡು ಕಟ್ಟಲು ಸಿದ್ಧವಾದದ್ದು ಹಣ್ಣಾದ ಹುಳು. ಅದನ್ನು ಬಿಡುವ ಬಿದಿರಿನ ತಟ್ಟೆಗೆ ಚಂದ್ರಿಕೆ ಎಂಬ ಕಾವ್ಯದಂಥ ಹೆಸರು. ಒಂದು ಗೂಡಿನಲ್ಲಿ ಸಾವಿರ ಮೀಟರಿನ ಆಸುಪಾಸು ಒಂದೇ ಎಳೆ ಸುತ್ತಿಕೊಂಡಿರುತ್ತದೆ. ಅದನ್ನು ಬಿಸಿನೀರಿನಲ್ಲಿ ಮೆದು ಮಾಡಿ ತೆಗೆಯುವ ಕೆಲಸಕ್ಕೆ ನಮ್ಮ ರೇಷ್ಮೆ ಇಲಾಖೆಯ ಕಾಗದಪತ್ರಗಳಲ್ಲಿ ನೂಲು ಬಿಚ್ಚಾಣಿಕೆ ಎಂಬ ಪದವಿದೆ.

ಸರ್ಕಾರಿ ಪದಗಳನ್ನು ಹೊಗಳುವ ಅವಕಾಶ ಅಪರೂಪ, ಆದ್ದರಿಂದ ಇದನ್ನು ಮನಸಾರೆ ಹೊಗಳುತ್ತೇನೆ. ಹತ್ತಿಯ ನಾರು ತುಂಡು ತುಂಡು, ಅದನ್ನು ಹೊಸೆದು ನೂಲಬೇಕು. ರೇಷ್ಮೆಯ ಎಳೆ ಹುಳುವೇ ಮಾಡಿಟ್ಟದ್ದು. ಅದನ್ನು ಬಿಚ್ಚಿದರೆ ಸಾಕು. ನೂಲುವುದು ಮತ್ತು ಬಿಚ್ಚುವುದು ಎಂಬ ಎರಡು ಕ್ರಿಯಾಪದಗಳಲ್ಲಿ ಹತ್ತಿಗೂ ರೇಷ್ಮೆಗೂ ಇರುವ ಮೂಲಭೂತ ವ್ಯತ್ಯಾಸವೇ ಅಡಗಿದೆ. ಇದನ್ನು ಕಟ್ಟಿದ ಗುಮಾಸ್ತ ಯಾರೋ ಏನೋ, ಅವನಿಗೆ ಕಿವಿ ಇತ್ತು, ಕೆಲಸ ನೋಡಿದ ಕಣ್ಣೂ ಇತ್ತು.

ಅದೇ ಕಿವಿ ಪಠ್ಯಪುಸ್ತಕ ಬರೆಯುವವರಿಗೆ ಇದ್ದಿದ್ದರೆ! ಪ್ರೌಢಶಾಲೆಯ ವಿಜ್ಞಾನದ ಪಾಠದಲ್ಲಿ ನೈಲಾನು, ಪಾಲಿಯೆಸ್ಟರುಗಳನ್ನು ಸಂಶ್ಲೇಷಿತ ಎಳೆಗಳು ಎನ್ನುತ್ತೇವೆ. ನಮ್ಮ ಶಾಲೆಯ ವಿಜ್ಞಾನದ ಮೇಡಂ ರಜೆ ಹಾಕಿದ ದಿನ ಆ ತರಗತಿಯಲ್ಲಿ ಕೂತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು 'ಟೀಚರ್, ಸಂಶ್ಲೇಷಿತ ಅಂದ್ರ ಏನ್ರಿ?' ಎಂದಳು. ಅವಳ ಮೈಮೇಲಿದ್ದ ಸಮವಸ್ತ್ರವೇ ಅದು. ಎರಡು ಬೇರೆ ಪದಾರ್ಥ ಕೂಡಿಸಿ ಕಾರ್ಖಾನೆಯಲ್ಲಿ ಮಾಡಿದ ಎಳೆ, ಅದರ ಮೂಲ ಕಲ್ಲೆಣ್ಣೆ, ಕಲ್ಲಿದ್ದಲು ಎಂದು ಬಿಡಿಸಿ ಹೇಳಿದೆ. 'ಹಂಗಾದ್ರ ಕಲ್ಲೆಣ್ಣೆ ಅರಿವಿ ಅನ್ರಿ' ಎಂದಳು. ತರಗತಿ ನಕ್ಕಿತು. ನಾನು ನಗಲಿಲ್ಲ. ಆ ಹುಡುಗಿ ಕೊಟ್ಟ ಹೆಸರು ನನ್ನ ಮೊದಲ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತದೆ. ಅವಳ ತಾಯಿ ಮನೆಯಲ್ಲಿ ಕಂಡಿಕೆ ಸುತ್ತುತ್ತಾಳೆ. ಹಾಸು ಯಾವುದು ಹೊಕ್ಕು ಯಾವುದು ಎಂದು ಅವಳಿಗೆ ಕತ್ತಲಲ್ಲೂ ಗೊತ್ತು. ಆದರೆ ಪರೀಕ್ಷೆಯಲ್ಲಿ ಆ ತಿಳಿವಳಿಕೆಗೆ ಒಂದು ಅಂಕವೂ ಇಲ್ಲ. ಗೊತ್ತಿದ್ದವಳನ್ನು ಗೊತ್ತಿಲ್ಲದವಳನ್ನಾಗಿ ಮಾಡುವ ಶಕ್ತಿ ಒಂದು ಪದಕ್ಕೆ ಇದೆ ಎಂದು ಆಗ ನನಗೆ ಭಯವಾಯಿತು.

ಹೀಗೆಂದ ಮಾತ್ರಕ್ಕೆ ಹೊರಗಿನಿಂದ ಬಂದ ಪದ ಬೇಡ ಎನ್ನುವವಳು ನಾನಲ್ಲ. ನೈಲಾನು 1935ರಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಟೆರಿಲಿನ್ ಎಂಬ ಹೆಸರು ಪಡೆದ ಪಾಲಿಯೆಸ್ಟರ್ ನೂಲನ್ನು 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಕಂಡುಹಿಡಿದರು. ಹೊಸ ವಸ್ತು ಹೊಸ ಹೆಸರು ತಂದುಕೊಂಡು ಬಂದರೆ ತಪ್ಪೇನು? ಮಗ್ಗದ ಮನೆಯವರೂ ಕೌಂಟು, ಬಾಬಿನ್, ಜಕಾರ್ಡ್ ಎಂದು ಸಲೀಸಾಗಿ ಅನ್ನುತ್ತಾರೆ. ಪದ ಎಲ್ಲಿಂದ ಬಂತು ಎಂಬುದು ಮುಖ್ಯವಲ್ಲ, ಅದು ಹೇಳುತ್ತದೆಯೋ ಮುಚ್ಚುತ್ತದೆಯೋ ಎಂಬುದು ಮುಖ್ಯ.

ಕೌಂಟನ್ನೇ ತೆಗೆದುಕೊಳ್ಳಿ. ನಾವು ಅಂಗಡಿಯಲ್ಲಿ 'ಎಂಬತ್ತರ ನೂಲು, ನೂರರ ನೂಲು' ಎಂದು ಕೇಳುತ್ತೇವೆ. ಒಂದು ಪೌಂಡು ತೂಕದ ಹತ್ತಿ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟಾಗುತ್ತವೆ ಎಂಬುದೇ ಕೌಂಟು. ಅರವತ್ತರ ನೂಲು ಎಂದರೆ ಅರವತ್ತು ಲಡಿ, ಅಂದರೆ 46 ಕಿಲೋಮೀಟರು. ಅರ್ಧ ಕಿಲೋಗಿಂತ ಕಡಿಮೆ ತೂಕದ ನೂಲು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ತಿರುಗಿ ಬಂದರೂ ಮಿಗುತ್ತದೆ. ಅಂಕಿ ದೊಡ್ಡದಾದಷ್ಟೂ ನೂಲು ನವಿರು. ರೇಷ್ಮೆ, ನೈಲಾನುಗಳ ಲೆಕ್ಕವೋ ಡೆನಿಯರ್. ಅದು 9,000 ಮೀಟರು ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಅಲ್ಲಿ ಅಂಕಿ ದೊಡ್ಡದಾದಷ್ಟೂ ನೂಲು ದಪ್ಪ! ಒಂದೇ ಅಂಗಡಿಯ ಎರಡು ಕಪಾಟಿನಲ್ಲಿ ಅಂಕಿಯ ಅರ್ಥ ತಿರುವುಮುರುವು. ಎರಡೂ ಪ್ರಾಮಾಣಿಕವಾದ ಲೆಕ್ಕಗಳೇ. ತಿಳಿದವಳಿಗೆ ಅವು ಅಳತೆಗೋಲು, ತಿಳಿಯದವಳ ಎದುರು ಅಂಗಡಿಯವನಿಗೆ ಅವು ಆಟದ ಸಾಮಾನು.

ಅಂಗಡಿಯ ಮಾತು ಬಂದದ್ದೇ ಆಯಿತು, ಒಳಗೇ ಹೋಗೋಣ. ಜವಳಿ ಅಂಗಡಿಯಲ್ಲಿ ನಮ್ಮ ಕಿವಿಗೆ ಬೀಳುವ ಹೆಸರುಗಳು ಮೂರು ಜಾತಿಯವು. ಹತ್ತಿ, ರೇಷ್ಮೆ, ಉಣ್ಣೆ, ಪಾಲಿಯೆಸ್ಟರ್, ವಿಸ್ಕೋಸ್ ಇವು ನಾರಿನ ಹೆಸರುಗಳು. ಜಾರ್ಜೆಟ್, ಶಿಫಾನ್, ಕ್ರೇಪ್, ಸಾಟಿನ್ ಇವು ನೂಲನ್ನು ಹುರಿ ಮಾಡಿದ ಅಥವಾ ನೇಯ್ದ ಬಗೆಯ ಹೆಸರುಗಳು. ಮರ್ಸರೈಸ್ಡ್ ಎಂಬುದು ಆಮೇಲೆ ಕೊಟ್ಟ ಸಂಸ್ಕಾರದ ಹೆಸರು. ಕಾಸ್ಟಿಕ್ ಸೋಡಾದಿಂದ ಹತ್ತಿಗೆ ಗಟ್ಟಿತನ, ಹೊಳಪು ತರಬಹುದು ಎಂಬುದಕ್ಕೆ ದಾರಿ ತೆರೆದ ಜಾನ್ ಮರ್ಸರ್ ಎಂಬಾತನ ಹೆಸರಿನಿಂದ ಬಂತು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಕೊಳ್ಳುವವಳಿಗೆ ತಲೆ ತಿರುಗುತ್ತದೆ. 'ಜಾರ್ಜೆಟ್ ಕೊಡಿ' ಎಂದರೆ ಬೆಲ್ಲದ್ದೋ ಸಕ್ಕರೆಯದೋ ಹೇಳದೆ 'ಉಂಡೆ ಕೊಡಿ' ಎಂದಂತೆ. ಜಾರ್ಜೆಟ್ ರೇಷ್ಮೆಯದೂ ಇರಬಹುದು, ಪಾಲಿಯೆಸ್ಟರಿನದೂ ಇರಬಹುದು. 1912ರಲ್ಲಿ ಮಹಾರಾಜರ ಕಾಲಕ್ಕೆ ಶುರುವಾದ ಮೈಸೂರಿನ ಕಾರ್ಖಾನೆಯ ರೇಷ್ಮೆ ಕ್ರೇಪೂ ಕ್ರೇಪೇ, ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವುದೂ ಕ್ರೇಪೇ.

ಇದಕ್ಕಿಂತ ಜಾಣ ಪದಗಳಿವೆ. ನಮ್ಮ ಓಣಿಯ ಹೆಂಗಸೊಬ್ಬರು ಮಗಳ ಸೀಮಂತಕ್ಕೆ ಸೀರೆ ಕೊಳ್ಳುವಾಗ ಜೊತೆಗೆ ಹೋಗಿದ್ದೆ. 'ಅಕ್ಕಾರ, ಇದು ಆರ್ಟ್ ಸಿಲ್ಕ್ ಐತ್ರಿ, ಹೊಸಾ ಮಾಲು' ಎಂದ ಅಂಗಡಿಯ ಹುಡುಗ. ಆರ್ಟ್ ಎಂದರೆ ಕಲೆ, ಏನೋ ಕುಸುರಿ ಮಾಡಿರಬೇಕು ಎಂದು ಅವರು ಸೆರಗನ್ನು ಬಿಚ್ಚಿ ಬಿಚ್ಚಿ ಹುಡುಕಿದರು. ಅಲ್ಲಿ ಆರ್ಟ್ ಎಂಬುದು ಆರ್ಟಿಫಿಶಿಯಲ್ ಎಂಬುದರ ಮೊಟಕು, ಕೃತಕ ಎಂಬುದಕ್ಕೆ ತೊಡಿಸಿದ ಬಾಲ ಕತ್ತರಿಸಿದ ಅಂಗಿ. ಟೆಸ್ಟೆಡ್ ಜರಿ ಎಂಬ ಇನ್ನೊಂದು ಮಾತಿದೆ. ಕೇಳಿದವರಿಗೆ ಯಾರೋ ಅಕ್ಕಸಾಲಿಗರು ಒರೆಗೆ ಹಚ್ಚಿ ನೋಡಿ ಸೈ ಎಂದಿರಬೇಕು ಎನ್ನಿಸುತ್ತದೆ. ಪೇಟೆಯಲ್ಲಿ ಅದರ ಅರ್ಥ, ಅಸಲು ಬೆಳ್ಳಿ ಚಿನ್ನದ ಜರಿಯಲ್ಲ ಎಂದು. ಒಳಗಿರುವುದು ಸಾಮಾನ್ಯವಾಗಿ ತಾಮ್ರದ ತಂತಿ. ನನ್ನ ಮೂರೂ ಪ್ರಶ್ನೆಗಳಿಗೆ ಈ ಪದ ಸುಳ್ಳು ಉತ್ತರ ಕೊಡುತ್ತದೆ. ಟೆರಿಕಾಟ್ ಎಂಬುದು ಟೆರಿಲಿನ್ ಮತ್ತು ಕಾಟನ್ ಸೇರಿದ ಪದ. ಪದದೊಳಗೆ ಎರಡೂ ಸರಿಸಮ. ಬಟ್ಟೆಯೊಳಗೆ ಸಾಮಾನ್ಯವಾಗಿ ನೂರರಲ್ಲಿ 67 ಪಾಲು ಪಾಲಿಯೆಸ್ಟರು, 33 ಪಾಲು ಹತ್ತಿ.

ದುಡ್ಡು ಹೋದರೆ ಹೋಯಿತು ಎನ್ನಬಹುದು. ಆದರೆ ಒಲೆಯ ಮುಂದೆ ನಿಲ್ಲುವವರು ನಾವು. ಹತ್ತಿಗೆ ಬೆಂಕಿ ತಗುಲಿದರೆ ಅದು ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್, ನೈಲಾನುಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಉಟ್ಟ ಸೀರೆಯ ನಾರು ಯಾವುದು ಎಂದು ತಿಳಿಯುವುದು ಶೋಕಿಯ ಮಾತಲ್ಲ. ಅನುಮಾನವಿದ್ದರೆ ಸೆರಗಿನ ತುದಿಯ ಒಂದೆರಡು ಎಳೆ ಕಿತ್ತು, ನೀರಿನ ಬಟ್ಟಲು ಪಕ್ಕದಲ್ಲಿಟ್ಟು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರು ಮುದುಡಿ ಗಟ್ಟಿ ಮಣಿಯಾಗುತ್ತದೆ. ಅಪ್ಪಟ ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್ ಚೀಟಿಯೂ ಇದೆ, ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಕೇಳಿ ನೋಡಬಹುದು.

ಸುಟ್ಟರೂ ಗುಟ್ಟು ಬಿಡದ ಒಂದು ನಾರಿದೆ. ಅದೇ ವಿಸ್ಕೋಸ್, ಅದರ ಇನ್ನೊಂದು ಹೆಸರು ರೇಯಾನ್. ಅದೂ ಹತ್ತಿಯಂತೆಯೇ ಕಾಗದದ ವಾಸನೆ ಬೀರುತ್ತದೆ, ಏಕೆಂದರೆ ಅದು ಮರದ ತಿರುಳಿನಿಂದ ಆದದ್ದು. ಹತ್ತಿ ನೆನೆದರೆ ಗಟ್ಟಿಯಾಗುತ್ತದೆ, ವಿಸ್ಕೋಸ್ ನೆನೆದರೆ ಬಲ ಕಳೆದುಕೊಳ್ಳುತ್ತದೆ; ಒಗೆಯುವ ಕಲ್ಲಿಗೆ ಗೊತ್ತಿರುವ ಸತ್ಯ ಇದು. ಮೊದಲು ಅದನ್ನೂ ಕೃತಕ ರೇಷ್ಮೆ ಎಂದೇ ಮಾರುತ್ತಿದ್ದರು. ಕೃತಕ ಎಂಬ ಮಾತು ವ್ಯಾಪಾರಕ್ಕೆ ಒಗ್ಗಲಿಲ್ಲ. 1924ರಲ್ಲಿ ಅಮೆರಿಕದ ವರ್ತಕರು ರೇಯಾನ್ ಎಂಬ ಹೊಸ ಹೆಸರಿಟ್ಟರು. ಹೊಳಪಿನ ನೆನಪು ತರುವ, ಮರದ ಸುಳಿವು ಕೊಡದ ಹೆಸರು. ಈಗ ಬಿದಿರಿನ ರೇಷ್ಮೆ ಎಂದು ಬರುತ್ತಿರುವುದೂ ಬಹುಮಟ್ಟಿಗೆ ಬಿದಿರಿನ ತಿರುಳಿನ ವಿಸ್ಕೋಸೇ.

ಈ ಮರ ಎಲ್ಲಿಯದು ಎಂದು ಕೇಳಿದರೆ ಉತ್ತರ ನಮ್ಮ ಜಿಲ್ಲೆಗಳಲ್ಲೇ ಸಿಗುತ್ತದೆ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ಪಕ್ಕ, 1972ರಿಂದ ನೀಲಗಿರಿ ಮರದಿಂದ ಈ ತಿರುಳು ತಯಾರಾಗುತ್ತ ಬಂದಿದೆ. ಮರ ಬೇಕಲ್ಲ? 1984ರಲ್ಲಿ ಸರ್ಕಾರವೂ ಆ ಉದ್ಯಮವೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿ, ಊರ ಗೋಮಾಳ, ಹುಲ್ಲುಗಾವಲುಗಳಲ್ಲಿ ನೀಲಗಿರಿ ನೆಡಲು ಹೊರಟವು. ಹುಲ್ಲು, ಸೌದೆಗೆ ಅದೇ ನೆಲವನ್ನು ನೆಚ್ಚಿದ್ದ ಹಳ್ಳಿಯವರು 1987ರ ನವೆಂಬರಿನಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಮರದ ಸಸಿ ಹಚ್ಚಿದರು. ಆ ಸತ್ಯಾಗ್ರಹಕ್ಕೆ ಅವರು ಕೊಟ್ಟ ಹೆಸರು ಕಿತ್ತಿಕೊ ಹಚ್ಚಿಕೊ. ಮಾಡಿದ ಕೆಲಸವನ್ನೇ ಹೇಳುವ ಎರಡು ಪದ! ಮೂರು ವರ್ಷಕ್ಕೆ ಮೇಲ್ಪಟ್ಟ ಹೋರಾಟದ ನಂತರ 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಒಂದು ಕಡೆ ರೇಯಾನ್ ಎಂಬ ನುಣುಪು ಪದ, ಇನ್ನೊಂದು ಕಡೆ ಕಿತ್ತಿಕೊ ಹಚ್ಚಿಕೊ ಎಂಬ ಒರಟು ಪದ. ಬಟ್ಟೆಯ ಮೂಲ ನೆಲದಲ್ಲಿದೆ ಎಂದು ನೆನಪಿಸಿದ್ದು ಎರಡನೆಯದು.

ಕೊನೆಗೆ ಕಾಯಿದೆಯ ಭಾಷೆ. ಕೈಮಗ್ಗಕ್ಕೆಂದು ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯಿದೆ 1985ರಲ್ಲಿ ಬಂತು. ಮೀಸಲಾದ ಬಟ್ಟೆಗಳು ಮೊದಲು 22 ಬಗೆ ಇದ್ದವು, ಆಮೇಲೆ 11ಕ್ಕೆ ಇಳಿದವು. ಆ ಕಾಯಿದೆ ಕೈಮಗ್ಗ ಎಂದರೇನು ಎಂದು ಹೇಳುವ ರೀತಿ ನೋಡಿ: ವಿದ್ಯುತ್ ಮಗ್ಗವಲ್ಲದ ಯಾವುದೇ ಮಗ್ಗ, ಇಷ್ಟೇ. ಅದರಲ್ಲಿ ಕೈ ಎಲ್ಲಿದೆ? ತಾನು ಯಾರು ಎಂಬುದರಿಂದಲ್ಲ, ತಾನು ಯಾರಲ್ಲ ಎಂಬುದರಿಂದ ಗುರುತು ಪಡೆಯುವ ಗತಿ ಕೈಮಗ್ಗಕ್ಕೆ ಬಂತು. ಹೆಣ್ಣುಮಕ್ಕಳಾದ ನಮಗೆ ಇಂಥ ವ್ಯಾಖ್ಯೆಯ ಪರಿಚಯ ಚೆನ್ನಾಗಿಯೇ ಇದೆ.

ಇನ್ನೊಂದು ಉದಾಹರಣೆ ನಮ್ಮ ಹುಬ್ಬಳ್ಳಿಯ ಬೆಂಗೇರಿಯದು. ಅಲ್ಲಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿದ್ದು. ಕೈಯಿಂದ ನೂತು ಕೈಯಿಂದ ನೇಯ್ದ ಖಾದಿಯಲ್ಲಿ ರಾಷ್ಟ್ರಧ್ವಜ ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ನಮ್ಮ ದೇಶ ವಸ್ತುಗಳ ಗುಣಮಟ್ಟಕ್ಕೆ ಬರೆದ ಮೊಟ್ಟಮೊದಲ ಮಾನಕ, ಒಂದನೆಯ ನಂಬರಿನದು, ರಾಷ್ಟ್ರಧ್ವಜದ್ದೇ. 1951ರಷ್ಟು ಹಿಂದೆಯೇ ಬಟ್ಟೆಯ ಪದಗಳಿಗೆ ಅಷ್ಟು ಮಹತ್ವ ಕೊಟ್ಟವರು ನಾವು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಯಿತು. ಕೈನೂಲು, ಕೈನೇಯ್ಗೆ ಎಂಬ ಮಾತಿನ ಪಕ್ಕಕ್ಕೆ 'ಅಥವಾ ಯಂತ್ರದಲ್ಲಿ ತಯಾರಾದ' ಎಂಬ ಮಾತು, ಹತ್ತಿ, ಉಣ್ಣೆ, ರೇಷ್ಮೆಗಳ ಸಾಲಿಗೆ ಪಾಲಿಯೆಸ್ಟರ್ ಎಂಬ ಪದ ಬಂದು ಕೂತವು. ಎಲ್ಲರ ಮನೆಗೂ ಅಗ್ಗದಲ್ಲಿ ಧ್ವಜ ಸಿಗಲಿ ಎಂಬ ವಾದವೂ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬೆಂಗೇರಿಯವರು 2022ರಲ್ಲಿ ತಮ್ಮ ಹೊಟ್ಟೆಯ ಮೇಲೆ ಪೆಟ್ಟು ಬಿತ್ತೆಂದು ದನಿ ಎತ್ತಿದರು. ಅಥವಾ ಎಂಬ ಮೂರಕ್ಷರ ಅಷ್ಟು ಮನೆಗಳ ರಾಟೆಯನ್ನು ಅಲುಗಾಡಿಸಬಲ್ಲದು. ಪದಗಳ ವಿಮರ್ಶೆ ಪಂಡಿತರ ಕಾಲಹರಣ ಎನ್ನುವವರು ಬೆಂಗೇರಿಯ ಹೊಲಿಗೆ ಯಂತ್ರಗಳ ಮುಂದೆ ಕೂತವರನ್ನು ಒಮ್ಮೆ ಕೇಳಲಿ.

ಇಷ್ಟೆಲ್ಲ ಹೇಳಿದ್ದು ನೀವು ನಾಳೆಯಿಂದ ನಿಘಂಟು ಹಿಡಿದು ಜವಳಿ ಅಂಗಡಿಗೆ ಹೋಗಬೇಕೆಂದಲ್ಲ. ಪಾಲಿಯೆಸ್ಟರು ಉಡಬಾರದು ಎಂದೂ ಅಲ್ಲ; ಮಳೆಗಾಲದಲ್ಲಿ ಬೇಗ ಒಣಗುವ, ಇಸ್ತ್ರಿ ಬೇಡದ ಸೀರೆಯ ಸುಖ ಬೆಳಿಗ್ಗೆ ಬಸ್ಸು ಹಿಡಿಯುವ ನನಗೂ ಗೊತ್ತು. ಉಡುವುದು ಏನೆಂದು ತಿಳಿದು ಉಡೋಣ. ನಾರು ಯಾವುದು, ನೂಲು ಎಷ್ಟರದು, ನೇಯ್ದದ್ದು ಕೈಯೋ ಯಂತ್ರವೋ ಎಂಬ ಮೂರು ಮಾತು ಕೇಳೋಣ. ಹಾಸು, ಹೊಕ್ಕು, ಹಂಜಿ, ಕಂಡಿಕೆ ಎಂಬ ಪದಗಳನ್ನು ಮಕ್ಕಳ ಉತ್ತರಪತ್ರಿಕೆಯಲ್ಲಿ ಕಂಡರೆ ನಾವು ಶಿಕ್ಷಕಿಯರು ಕೆಂಪು ಗೆರೆ ಎಳೆಯದೆ ಅಂಕ ಕೊಡೋಣ. ಉತ್ತರ ಕರ್ನಾಟಕದಲ್ಲಿ ಬಟ್ಟೆಗೆ ಅರಿವೆ ಎನ್ನುತ್ತೇವೆ. ಅರಿವು ಮತ್ತು ಅರಿವೆ ಎಷ್ಟು ಹತ್ತಿರದ ಸದ್ದುಗಳು! ವ್ಯಾಕರಣದವರು ಅವೆರಡರ ನಂಟನ್ನು ಒಪ್ಪಲಿ ಬಿಡಲಿ, ಮೈಮೇಲಿರುವ ಒಂದು ಮನಸ್ಸಿನಲ್ಲಿರುವ ಇನ್ನೊಂದನ್ನು ಕೇಳುತ್ತಲೇ ಇರುತ್ತದೆ.